ನೋಡಿ ಒತ್ತು

ನಾನು ಕೂತಲ್ಲಿ ಕೂರುವವಳಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅಂಗಿಯ ತೋಳು ಕತ್ತರಿಸುತ್ತಿದ್ದೇನೆ, ನಿಂತೇ. ಪರೀಕ್ಷೆಗೆಂದು ಮೂರು ಗಂಟೆ ಕೂರುವುದೇ ನನಗೆ ಅರ್ಧ ಶಿಕ್ಷೆ, ಉಳಿದರ್ಧ ಕ್ಯಾಲ್ಕುಲಸ್. ಇದು ಮೂರನೇ ಸಲ, ನಾಲ್ಕನೆಯದಕ್ಕೆ ಅವಕಾಶವಿಲ್ಲ. ಪಾಸಾದರೆ ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನಲ್ಲಿ ಅಂಗಿಯ ಮಾದರಿ ಬಿಡಿಸುವ ಕೆಲಸ. ಇಲ್ಲದಿದ್ದರೆ ಕೊನೆಯವರೆಗೂ ಕತ್ತರಿಯೇ ಗತಿ. "ಮೂರಕ್ಕೆ ಮುಕ್ತಾಯ," ಅಂದಳು ಅಮ್ಮ. ಹರಸಿದಳೋ ಹೆದರಿಸಿದಳೋ ತಿಳಿಯಲಿಲ್ಲ.

ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಅಣ್ಣನದು. ಅವನು ಜಮೀನು ಅಳೆಯುವ ಸರ್ವೆಯವನು, ಕೋನ ಡಿಗ್ರಿಯಲ್ಲೇ ಬೇಕು. ನನ್ನ ಪಾಠಕ್ಕೆ ಕೋನದ ಇನ್ನೊಂದು ಅಳತೆ, ರೇಡಿಯನ್. ಎರಡಕ್ಕೂ ಒಂದೇ ಗುಂಡಿ: ಒತ್ತಿದರೆ ಅದು, ಮತ್ತೆ ಒತ್ತಿದರೆ ಇದು. ಒಮ್ಮೆ ನಾನು ವಾಪಸ್ ಒತ್ತಲು ಮರೆತಿದ್ದಕ್ಕೆ ಅವನು ಯಾರದೋ ಗೋಡೆಯ ಗುರುತನ್ನು ಪಕ್ಕದವರ ಅಂಗಳದಲ್ಲಿ ನೆಟ್ಟು ಬೈಸಿಕೊಂಡು ಬಂದಿದ್ದ. "ಇನ್ನೊಂದ್ಸಲ ಹೀಗಾದ್ರೆ ಮುಟ್ಟೋಕೂ ಕೊಡಲ್ಲ," ಅಂದಿದ್ದ. ಅಂದಿನಿಂದ ಕೈಗೆ ಬಂದೊಡನೆ ಒಂದು ಒತ್ತು, ಕೊಡುವ ಮೊದಲು ಒಂದು ಒತ್ತು. ನೋಡುವುದೂ ಇಲ್ಲ, ಬೆರಳೇ ಮಾಡಿ ಮುಗಿಸುತ್ತದೆ.

ಅದರೊಳಗೆ ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಎಲ್ಲಿಂದ, ಎಲ್ಲಿವರೆಗೆ, ಎಷ್ಟು ಪಟ್ಟಿ ಎಂದು ಕೇಳುತ್ತದೆ. ಗೆರೆಯ ಕೆಳಗಿನ ಜಾಗವನ್ನು ಅಷ್ಟು ಪಟ್ಟಿಗಳಾಗಿ ಸೀಳಿ, ಕೂಡಿಸಿ, ಇಂಟಿಗ್ರಲ್ ಸುಮಾರು ಇಷ್ಟು ಎನ್ನುತ್ತದೆ. ಮನೆಯಲ್ಲಿ ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕದ್ದು ಏಳನೇ ಪ್ರಶ್ನೆ: ಸೈನ್‌ನ ವರ್ಗಮೂಲ, ಸೊನ್ನೆಯಿಂದ ಪೈವರೆಗೆ. ಕೈಯಲ್ಲಿ ಬಿಡಿಸಲಾಗದ್ದು, ಪ್ರೋಗ್ರಾಂಗೆಂದೇ ಕೊಟ್ಟದ್ದು. ನೂರು ಪಟ್ಟಿ ಕೊಟ್ಟೆ. ಸೊನ್ನೆ ಪಾಯಿಂಟ್ ನಾಲ್ಕು ಒಂಬತ್ತು ಬಂತು. ಬರೆದೂಬಿಟ್ಟೆ.

ಆಮೇಲೆ ಅವರು ಕೇಳಿದಂತೆ ಚಿತ್ರ ಬಿಡಿಸಿದೆ. ನೆಲದಿಂದೆದ್ದು, ಒಂದರ ಎತ್ತರಕ್ಕೆ ಉಬ್ಬಿ, ಮತ್ತೆ ನೆಲಕ್ಕಿಳಿಯುವ ಗುಡ್ಡ. ಅಗಲ ಮೂರಕ್ಕಿಂತ ತುಸು ಹೆಚ್ಚು. ಇದು ನನಗೆ ಗೊತ್ತಿರುವ ಆಕಾರ, ಅಂಗಿಯ ತೋಳಿನ ತಲೆ! ಮೂರು ಗೇಣು ಅಗಲ, ಒಂದು ಗೇಣು ಎತ್ತರದ ತುಂಡಿನಲ್ಲಿ ಇಂಥದ್ದನ್ನು ಕತ್ತರಿಸಿದರೆ ಮುಕ್ಕಾಲು ಬಟ್ಟೆ ತೋಳಿಗೇ ಹೋಗುತ್ತದೆ. ಅರ್ಧ ಗೇಣೂ ಹೋಗುವುದಿಲ್ಲ ಎನ್ನುತ್ತಿದೆ ಈ ಯಂತ್ರ!

ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು. ಪ್ರೋಗ್ರಾಂ ತೆರೆದು ಸಾಲು ಸಾಲು ಓದಿದೆ. ಇನ್ನೂರು ಪಟ್ಟಿ ಕೊಟ್ಟೆ, ಐನೂರು ಕೊಟ್ಟೆ. ಅದೇ ಹಾಡು. ಮೇಲ್ವಿಚಾರಕಿ ಬಂದು "ಕಾಲು ಅಲ್ಲಾಡಿಸ್ಬೇಡಿ, ಬೆಂಚೆಲ್ಲ ನಡುಗ್ತಿದೆ," ಅಂದರು. ಕಾಲು ನಿಂತಿತು, ಕೈ ಶುರುವಾಯಿತು. ಹೀಗೆ ಇಪ್ಪತ್ತು ನಿಮಿಷ ಸುಟ್ಟ ಮೇಲೆ ಪರದೆಯ ಮೂಲೆ ಕಣ್ಣಿಗೆ ಬಿತ್ತು: ಡಿಗ್ರಿ.

ಬೆಳಿಗ್ಗೆ ಕೈಗೆ ಬಂದೊಡನೆ ನಾನು ಒತ್ತಿದ್ದೆನಲ್ಲ? ಖಂಡಿತ ಒತ್ತಿದ್ದೆ. ಯೋಚಿಸಲು ಹೊತ್ತಿರಲಿಲ್ಲ. ಇನ್ನೊಮ್ಮೆ ಒತ್ತಿ ಓಡಿಸಿದೆ. ಎರಡು ಪಾಯಿಂಟ್ ಮೂರು ಒಂಬತ್ತು. ಮುಕ್ಕಾಲು ತೋಳು! ಅಳು ಬಂತು, ಬರೆಯುತ್ತಲೇ ಅತ್ತೆ. ಉಳಿದ ಪ್ರಶ್ನೆಗಳಲ್ಲಿ ಒಂದು ಅರ್ಧಕ್ಕೇ ನಿಂತಿತು, ಗಂಟೆ ಬಾರಿಸಿತು.

ಗೇಟಿನ ಹೊರಗೆ ಅಣ್ಣ ಕಾಲು ಸುಟ್ಟ ಬೆಕ್ಕಿನ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದ. ಕ್ಯಾಲ್ಕುಲೇಟರ್ ಕೊಟ್ಟೆ.

"ನೋಡಿದ್ಯಾ?" ಅಂದ. ಹೆಮ್ಮೆಯಿಂದ ಮುಖ ಅರಳಿತ್ತು. "ಬೆಳಿಗ್ಗೆ ನಾನೇ ರೇಡಿಯನ್‌ಗೆ ಹಾಕಿಟ್ಟಿದ್ದೆ. ಗಾಬರೀಲಿ ನೀನು ಮರೀತೀಯ ಅಂತ."

ಹಾಗಾದರೆ ನನ್ನ ಒತ್ತೇ ಅದನ್ನು ಡಿಗ್ರಿಗೆ ತಿರುಗಿಸಿತ್ತು. ಹುಟ್ಟಿದಾಗಿನಿಂದ ನನ್ನನ್ನು ರೇಗಿಸುವುದು ಬಿಟ್ಟು ಬೇರೇನೂ ಮಾಡದವನು ಇಂದು ಇಷ್ಟು ಮಾಡಿದ್ದ.

"ನೋಡ್ದೆ ಅಣ್ಣ. ಅದ್ರಿಂದಲೇ ಬಚಾವಾದೆ."

"ಸರಿ, ಈಗ ನನ್ನ ಡಿಗ್ರಿ ನಂಗೆ ಬೇಕು," ಎಂದು ನಗುತ್ತ, ನೋಡದೆಯೇ ಗುಂಡಿ ಒತ್ತಿ, ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ. ಅಳತೆಗೆ ಜನ ಕಾಯುತ್ತಿದ್ದರು.

ಬೈಕ್ ಹತ್ತು ಮಾರು ಹೋದ ಮೇಲೆ ನನ್ನ ಬೆರಳು ನೆನಪಾಯಿತು. ಗಂಟೆ ಬಾರಿಸಿದಾಗ, ಕೊಡುವ ಮೊದಲಿನ ಆ ಒಂದು ಒತ್ತು. ಅದನ್ನು ಆಗಲೇ ಒತ್ತಿಯಾಗಿತ್ತು.

"ಅಣ್ಣಾ, ನಿಲ್ಲು!" ಚಪ್ಪಲಿ ಕೈಗೆತ್ತಿಕೊಂಡು ಓಡಿದೆ. "ನೋಡಿ ಒತ್ತು! ನೋಡಿ ಒತ್ತೋ!"

ನಿಂತ. ತೆಗೆದು ನೋಡಿದ. ರೇಡಿಯನ್.

"ಬೆಳಿಗ್ಗೆ ನೀನು ಸರಿ ಮಾಡಿಟ್ಟಿದ್ದನ್ನ ನಾನೇ ಕೆಡಿಸ್ದೆ," ಅಂದೆ, ಏದುಸಿರು ಬಿಡುತ್ತ. "ಈಗ ಸುಳ್ಳು ಹೇಳ್ದೆ."

ಅವನ ಮುಖ ಸಪ್ಪಗಾಯಿತು. "ಮತ್ತೆ ಲೆಕ್ಕ?"

"ತೋಳು ಕತ್ತರಿಸೋ ಕೈ ತಪ್ಪು ಹಿಡ್ದುಬಿಡ್ತು. ಏಳನೇದು ಬಂತು."

ಅಣ್ಣ ಕ್ಯಾಲ್ಕುಲೇಟರನ್ನು ನಮ್ಮಿಬ್ಬರ ನಡುವೆ ಹಿಡಿದ.

"ಒತ್ತು," ಅಂದ. "ನಾನೂ ನೋಡ್ತೀನಿ."