ಕಂಬಳಿ ಮೇಲೆ ನಿಂತ ಉಪಾಧ್ಯಕ್ಷ

ಗುತ್ಯಮ್ಮನ ಕಂಬಳಿಯ ಮಡಿಕೆಯಲ್ಲಿ ಎರಡು ಕುರಿಮರಿಗಳಿದ್ದವು. ಎರಡೂ ದಾರಿಯಲ್ಲೇ ಹುಟ್ಟಿದವು, ಇನ್ನೂ ಒದ್ದೆ. ಊರ ಮಗ್ಗುಲಲ್ಲೇ ಗೋಮಾಳವಿತ್ತು, ಮೊಣಕಾಲುದ್ದ ಹುಲ್ಲೂ ಇತ್ತು. ಆದರೆ ಸುತ್ತ ಜಾಲಿಮುಳ್ಳಿನ ಬೇಲಿ. ಒಳಗೆ ಗ್ರಾಮ ಪಂಚಾಯ್ತಿ ಉಪಾಧ್ಯಕ್ಷ ಹುಚ್ಚರಾಯಪ್ಪನ ಜರ್ಸಿ ಹಸುಗಳು ಮೇಯುತ್ತ, ಬೇಲಿಯಾಚೆ ಹೋಗುವ ಕುರಿಗಳನ್ನು ಸಾವಕಾರರ ಹೆಂಡಿರಂತೆ ನೋಡುತ್ತಿದ್ದವು. ಕುರಿಗಳು ದೂರದ ಬಂದಳಿಕೆ ಊರಿನ ಹಾಳುಗುಡಿಗಳವರೆಗೆ ನಡೆದು, ಶಾಸನದ ಕಲ್ಲುಗಳ ಬುಡ ಕೆರೆದು ಬರಬೇಕು. ಹೋದ ವಾರ ಸೊಸೆ ಮೀನಾ ಸತ್ತ ಮರಿಯೊಂದನ್ನು ಸೆರಗಲ್ಲಿ ಕಟ್ಟಿಕೊಂಡು ಬಂದು, ಅಂಗಳದಲ್ಲಿ ಮಲಗಿಸಿದ್ದಳು.

ಹುಚ್ಚರಾಯಪ್ಪ ಕೆಟ್ಟವನೇನಲ್ಲ, ಅವನನ್ನೇ ಕೇಳಿದರೆ. ಮೇಲೇರುವವನು, ಅಷ್ಟೆ. ಬೇಲಿ ಹಾಕಿಸುವಾಗ, ನೆಟ್ಟ ಸಸಿ ಬದುಕುವ ತನಕ ಅಂದಿದ್ದ. ಸಸಿ ಸತ್ತವು, ಬೇಲಿ ಬದುಕಿತು. ಉಪಾಧ್ಯಕ್ಷನಾಗಲಿ, ಕೀಳಿಸುತ್ತೇನೆ ಅಂದ. ಆದಮೇಲೆ, ಉಪಾಧ್ಯಕ್ಷನ ಕೈಯಲ್ಲಿ ಏನಿದೆ, ಅಧ್ಯಕ್ಷನಾಗಲಿ ತಡಿ ಅಂದ. ಈಗ ಅಧ್ಯಕ್ಷರು ರಾಜೀನಾಮೆ ಕೊಟ್ಟಿದ್ದರು. ಸೋಮವಾರ ಮೆಂಬರುಗಳು ಕೈಯೆತ್ತಿ ಹೊಸ ಅಧ್ಯಕ್ಷನನ್ನು ಆರಿಸಬೇಕು. ಹುಚ್ಚರಾಯಪ್ಪ ಆಗಲೇ ಮನೆ ಮುಂದಿನ ಬೋರ್ಡಿನಿಂದ 'ಉಪ'ವನ್ನು ಸೀಮೆಎಣ್ಣೆ ಹಚ್ಚಿ ಉಜ್ಜಿಸಿಬಿಟ್ಟಿದ್ದ.

ಒಂದು ಕೈ ಮಾತ್ರ ಕಮ್ಮಿ ಬೀಳುತ್ತಿತ್ತು. ಅದು ಗುತ್ಯಮ್ಮನದು; ಮರಿ ಸತ್ತ ಮೇಲೆ ಅವಳು ಹೂಂ ಅಂದಿರಲಿಲ್ಲ. ಹೆಂಗಸರ ಸೀಟಿಗೆ ಅವನೇ ಅವಳನ್ನು ನಿಲ್ಲಿಸಿ ಗೆಲ್ಲಿಸಿದ್ದ. ಮೀಟಿಂಗಿನಲ್ಲಿ ಅವಳು ಬಾಗಿಲ ಪಕ್ಕ ಕೂರುವುದು, ಅವನು ನೋಡಿದಾಗ ಕೈಯೆತ್ತುವುದು, ಇಷ್ಟೇ ರಾಜಕೀಯ. ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ಭಾನುವಾರ ಸ್ಕೂಲಿನ ಮುಂದೆ ವೇದಿಕೆ ಕಟ್ಟಿಸಿದ. ಶಿಕಾರಿಪುರದಿಂದ ಮೈಕು ಬಂತು, ಫೋಟೋದವನೂ ಬಂದ. ಎಲ್ಲರ ಮುಂದೆ ಗುತ್ಯಮ್ಮ ಅವನಿಗೆ ಕರಿಕಂಬಳಿ ಹೊದಿಸಬೇಕೆಂದು ಹೇಳಿಕಳಿಸಿದ್ದ. ಹೊಸದಿರಲಿ ಎಂದೂ ಹೇಳಿದ್ದ.

ಗುತ್ಯಮ್ಮ ಕುರಿ ಮೇಯಿಸಿಕೊಂಡು ನೆಟ್ಟಗೆ ಅಲ್ಲಿಗೇ ಬಂದಳು. ಮರಿಗಳನ್ನು ಮೀನಾಳ ಕೈಗಿತ್ತು, ಹೆಗಲ ಮೇಲಿನ ಅದೇ ಕಂಬಳಿ ಕೊಡವಿ, ಹೊದಿಸಲಿಲ್ಲ, ವೇದಿಕೆಯ ಮೇಲೆ ಹಾಸಿದಳು. ಹಟ್ಟಿಯ ಹಿರಿಯ ಉಜ್ಜಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ನೆಟ್ಟಗೆ ಕೂತ. ಕುರಿಯವರ ಹಟ್ಟಿಯಲ್ಲಿ ಮಾತು ಕೊಡುವವನು ಕಂಬಳಿ ಹತ್ತುತ್ತಾನೆ. ಹತ್ತಿದವನು ಮಾತು ಕೊಟ್ಟೇ ಇಳಿಯಬೇಕು. ಕೊಡದೆ ಇಳಿದವನಿಗೆ ಯಾರ ಮನೆಯಲ್ಲೂ ನೀರಿಲ್ಲ, ಬೆಂಕಿಯಿಲ್ಲ. ಹುಚ್ಚರಾಯಪ್ಪನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ಅದು ಸಿಂಹಾಸನದಂತೆ ಕಂಡಿತು. ಚಪ್ಪಲಿ ಬಿಟ್ಟು, ಕೈಮುಗಿದು ಹತ್ತಿಬಿಟ್ಟ. ಫೋಟೋ ಬಿತ್ತು.

"ಹತ್ತಿದ್ರಲ್ಲ ಗೌಡ್ರೆ," ಅಂದಳು ಗುತ್ಯಮ್ಮ. "ಬೇಲಿ ಯಾವತ್ತು ಕೀಳಸ್ತೀರಿ? ಹೇಳಿ ಇಳೀರಿ."

ಅವನು ನಕ್ಕ. ಹೇಳ್ತೀನಿ, ಎಲ್ಲಾ ಕ್ರಮವಾಗಿ ಹೇಳ್ತೀನಿ ಅಂತ ಶುರುಮಾಡಿದ. ಊರಿಗೆ ಡಾಂಬರು ಬಂತು. ಹಳ್ಳಕ್ಕೆ ಸೇತುವೆ ಬಂತು. ಆಮೇಲೆ ಮಾತಿನಲ್ಲೇ ಅವನು ತಾಲೂಕು ಪಂಚಾಯ್ತಿಗೆ ಹೋದ, ಜಿಲ್ಲಾ ಪಂಚಾಯ್ತಿ ಗೆದ್ದ, ವಿಧಾನಸೌಧದ ಮೆಟ್ಟಿಲು ಹತ್ತಿದ, ನೋಡನೋಡುತ್ತ ದಿಲ್ಲಿ ಮುಟ್ಟಿದ. ಬೇಲಿ ಮಾತ್ರ ಬರಲೇ ಇಲ್ಲ. ಜನರಲ್ಲಿ ಎಲ್ಲೋ ಒಂದು ನಗು ಹುಟ್ಟಿ, ಸಾಲಿಂದ ಸಾಲಿಗೆ ಹರಿಯಿತು. ಅವನು ಮೆಲ್ಲಗೆ ಒಂದು ಕಾಲು ಕಂಬಳಿಯಾಚೆ ಚಾಚಿದ. ಉಜ್ಜಪ್ಪ ಕೆಮ್ಮಿದ. ಕಾಲು ಒಳಗೆ ಬಂತು.

ಅವನ ಭಾಷಣ ದಿಲ್ಲಿಯಲ್ಲಿರುವಾಗಲೇ ಗುತ್ಯಮ್ಮ ಸೊಸೆಯ ಕಿವಿಯಲ್ಲಿ ದೋಟಿ ತಾ ಅಂದಳು. ಕುರಿಗೆ ಸೊಪ್ಪು ಎಳೆಯುವ ಕೊಕ್ಕೆಗೋಲು ಯಾರ ಮನೆಯಲ್ಲಿಲ್ಲ? ಒಬ್ಬೊಬ್ಬರೇ ಎದ್ದರು. ಹಟ್ಟಿಯ ದ್ಯಾಮಮ್ಮ ಎದ್ದಳು, ಹೂವಮ್ಮ ಎದ್ದಳು, ಹಿಂದೆ ಗಂಡಸರು, ಹಿಂದೆ ಕುರಿಗಳು. ವೇದಿಕೆಯಿಂದ ಗೋಮಾಳ ಅಂಗೈಯಂತೆ ಕಾಣುತ್ತಿತ್ತು. ಜಾಲಿಮುಳ್ಳಿಗೆ ದೋಟಿಗಳು ಬಿದ್ದವು, ಮುಳ್ಳು ಕಿತ್ತು ಬಂತು.

"ಏ, ಏ, ಯಾರ್ ಹೇಳಿದ್ರು ನಿಮಗೆ?" ಮೈಕು ಊರಿಗೆಲ್ಲ ಕೇಳಿಸಿತು.

"ಇಳಿದು ಹೋಗಿ ತಡೀರಿ ಗೌಡ್ರೆ," ಅಂದ ಉಜ್ಜಪ್ಪ, ಹೊಸ ಎಲೆಗೆ ಸುಣ್ಣ ಹಚ್ಚುತ್ತ. "ಯಾರ್ ಬ್ಯಾಡ ಅಂದ್ರು?"

ಅವನು ಇಳಿಯಲಿಲ್ಲ. ನಾಳೆ ಸೋಮವಾರ. ಕುರಿಗಳು ನೀರು ನುಗ್ಗಿದಂತೆ ಹುಲ್ಲಿಗೆ ನುಗ್ಗಿದವು. ಜರ್ಸಿ ಹಸುಗಳು ದಿಗಿಲುಬಿದ್ದು ಮೂಲೆ ಸೇರಿದವು. ಮೀನಾ ಮರಿಗಳನ್ನು ಕೆಳಗೆ ಬಿಟ್ಟಳು. ಹುಲ್ಲಿನಲ್ಲಿ ಮುಳುಗಿಹೋದವು, ಬಾಲ ಮಾತ್ರ ಕುಣಿಯುತ್ತಿತ್ತು. ಅದನ್ನು ನೋಡಿ ಗುತ್ಯಮ್ಮನಿಗೆ ನಗು ಬಂತು. ಬಂದದ್ದು ನಿಲ್ಲಲೇ ಇಲ್ಲ, ಕೈಯ ದೋಟಿ ಅಲುಗಾಡುವಷ್ಟು ನಕ್ಕಳು. ಹೆಂಗಸರೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು.

ಕೊನೆಯ ಮುಳ್ಳುಕಂತೆ ಉರುಳಿದ ಮೇಲೆ ಮೈಕು ಗೊರಗೊರ ಅಂದಿತು. "ಬೇಲಿ... ನಾಳೆನೇ ಕೀಳಸ್ತೀನಿ."

ಗುತ್ಯಮ್ಮ ತಿರುಗಿ ನಿಂತಳು. ಹಳ್ಳದಾಚೆಯ ಕುರಿ ಕರೆದು ಪಳಗಿದ ಗಂಟಲು, ಅದಕ್ಕೆ ಮೈಕು ಬೇಕಿರಲಿಲ್ಲ.

"ಕೇಳಿಸ್ತು ಗೌಡ್ರೆ. ಇನ್ ಇಳೀರಿ. ನಾಳೆ ಕೈ ಎತ್ತಾಕ ನನಗೆ ಪುರುಸೊತ್ತಿಲ್ಲ, ಕೈಯಾಗ ದೋಟಿ ಐತಿ."