ಜೀಪಿಗೆ ಸುಣ್ಣ ಎರಚಿದ ಭಾನುವಾರ

ಜೀಪು ಮನೆಗೆ ಬಂದ ದಿನ, ಪೂಜೆ ಮುಗಿದು ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ, ಸುನಿಲ್‌ಕುಮಾರ್ ತನ್ನಪ್ಪನಿಗೆ ಮಾತು ಕೊಟ್ಟುಬಿಟ್ಟಿದ್ದ. "ನಿನ್ನ ಅಂಗಳಕ್ಕೆ ಒಂದು ತೊಟ್ಟು ಎಣ್ಣೆ ಬಿದ್ರೂ ಆವತ್ತೇ ಈ ಗಾಡಿ ಮಾರ್ಬಿಡ್ತೀನಪ್ಪ."

ಆಗ ಅವನಿಗಿನ್ನೂ ಮದುವೆಯಾಗಿರಲಿಲ್ಲ. ಜೀಪು ಯಾವುದೋ ಕಲ್ಲುಗಣಿಯಲ್ಲಿ ದುಡಿದು ಸುಸ್ತಾಗಿ ಬಂದ ಹಳೆಯ ಡೀಸೆಲ್ ಗಾಡಿ. ಅವನಪ್ಪ ಅಪ್ಪಯ್ಯಣ್ಣನಿಗೋ ಅಂಗಳವೆಂದರೆ ಪ್ರಾಣ. ಊರಿನವರೆಲ್ಲ ಮನೆಮುಂದೆ ಸಿಮೆಂಟು ಹಾಕಿಸಿಕೊಂಡರೂ ಆತ ಮಾತ್ರ ಸಗಣಿ ಸಾರಿಸಿದ ಮಣ್ಣಿನ ಅಂಗಳ ಬಿಡಲಿಲ್ಲ. ಸುಗ್ಗಿಯಲ್ಲಿ ರಾಗಿ ಒಣಗುವುದು ಅಲ್ಲೇ. ಎಣ್ಣೆ ವಾಸನೆಯ ಮುದ್ದೆ ಉಣ್ಣಲು ತನ್ನಿಂದಾಗದು ಎಂದು ಆತ ಮೊದಲೇ ಹೇಳಿದ್ದ. ಜೀಪನ್ನು ಹೊರಗೆ ನಿಲ್ಲಿಸೋಣವೆಂದರೆ ಬೀದಿಯೋ, ಹಾಲಿನ ವ್ಯಾನು ನುಗ್ಗಿದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾದಷ್ಟು ಇಕ್ಕಟ್ಟು.

ಮಾತು ಕೊಟ್ಟವನು ಸುನಿಲ್. ಈಗ ಅದು ಬಂದು ಕೂತದ್ದು ಹೆಂಡತಿ ನವ್ಯಶ್ರೀಯ ತಲೆಯ ಮೇಲೆ.

ಸುನಿಲ್ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಬೈಕಿನಲ್ಲಿ ಹೋಗುತ್ತಾನೆ, ಶಿಫ್ಟು ವಾರಕ್ಕೊಂದು ಥರ. ಮನೆಯ ಹಿಂದಿನ ಹುಳುಮನೆ, ಅದರೊಳಗಿನ ರೇಷ್ಮೆಹುಳು, ಕೆರೆ ಕೆಳಗಿನ ಹಿಪ್ಪುನೇರಳೆ ಸೊಪ್ಪಿನ ತೋಟ, ಎಲ್ಲ ನವ್ಯಶ್ರೀಯ ಪಾಲು. ತೋಟದ ದಾರಿಯಲ್ಲಿ ಹಳ್ಳ ದಾಟಬೇಕು, ಆಟೋದವನು ಅತ್ತ ತಲೆಹಾಕುವುದಿಲ್ಲ. ಹಾಗಾಗಿಯೇ ಅವಳು ಮದುವೆಯಾದ ಹೊಸದರಲ್ಲಿ ನಲ್ಲೂರಿನ ಹುಣಸೆ ತೋಪಿನ ಪಕ್ಕದ ಬಂಡಿದಾರಿಯಲ್ಲಿ ಜೀಪು ಕಲಿತಿದ್ದಳು. ಬೆಳಿಗ್ಗೆ ಮಗಳು ಅರ್ಪಿತಳನ್ನು ಸ್ಕೂಲ್ ಬಸ್ಸಿಗೆ ಬಿಟ್ಟು, ಹಾಗೇ ತೋಟಕ್ಕಿಳಿದು ಸೊಪ್ಪು ತುಂಬಿಕೊಂಡು ಬರುವಳು. ಸಂಜೆ ಇನ್ನೊಂದು ಸಲ. ಜೀಪು ಹೋದರೆ ಆ ಸೊಪ್ಪೆಲ್ಲ ತಲೆಹೊರೆಯಾಗುತ್ತದೆ. ಅತ್ತೆ ಮುನಿತಾಯಮ್ಮ ಹಾಗೆ ಹೊತ್ತವರೇ. ಈಗ ಯಾರಾದರೂ ಕರೆದರೆ ಅವರ ಕತ್ತು ತಿರುಗುವುದಿಲ್ಲ, ಇಡೀ ಮೈ ತಿರುಗುತ್ತದೆ.

ಮಳೆಗಾಲದ ಕೊನೆಗೆ ಜೀಪು ಸೋರತೊಡಗಿತು. ದೇವನಹಳ್ಳಿಯ ಮೆಕ್ಯಾನಿಕ್ ಮೂರ್ತಿ ಎಂಜಿನ್ನಿನ ಮೇಲ್ಮುಚ್ಚಳದಡಿ ಎಣ್ಣೆ ತಡೆಯುವ ಪ್ಯಾಕಿಂಗ್ ಬದಲಿಸಿದ. ಕೆಳಗಿನಿಂದ ಸೋರಿತು. ಕೆಳಗಿನ ಆಯಿಲ್ ಚೇಂಬರಿನ ಪ್ಯಾಕಿಂಗ್ ಬದಲಿಸಿದರೆ ಆಯಿಲ್ ಅಳೆಯುವ ಕಡ್ಡಿಯ ಬುಡದಲ್ಲಿ ಉಕ್ಕಿತು. "ಎಂಜಿನ್ ಪೂರ್ತಿ ಇಳಿಸ್ಬೇಕು ಗುರು" ಎಂದು ಅವನು ಕೈತೊಳೆದುಕೊಂಡ. ಅಷ್ಟರಲ್ಲಿ ಅಪ್ಪಯ್ಯಣ್ಣ ಅಂಗಳದಲ್ಲಿ ಅಂಗೈಯಗಲದ ಕರಿ ಕಲೆ ನೋಡಿದ. ಕೂಗಾಡಲಿಲ್ಲ. ಹೊಸಕೋಟೆ ಕಡೆಯ ಹಳೇ ಗಾಡಿ ವ್ಯಾಪಾರಿ ಜವರಪ್ಪನಿಗೆ ಫೋನು ಮಾಡಿ, ಭಾನುವಾರ ಸಂಜೆ ಬಾ ಎಂದ.

ಭಾನುವಾರ ಬೆಳಿಗ್ಗೆ ಸುನಿಲ್ ಗೋಣಿಚೀಲ ಹಾಸಿ ಜೀಪಿನ ಕೆಳಗೆ ಮಲಗಿದ್ದ, ನವ್ಯಶ್ರೀ ಪಕ್ಕದಲ್ಲಿ ಬಗ್ಗಿ ನಿಂತಿದ್ದಳು.

"ಎಲ್ಲಿಂದ ಅಂತ್ಲೇ ಗೊತ್ತಾಗ್ತಿಲ್ಲ ಕಣೆ. ಎಲ್ಲಾ ಕಡೆ ಸೋರ್ತೈತೆ."

"ಎಲ್ಲಾ ಕಡೆ ಒದ್ದೆ ಆಗೈತೆ ಅನ್ರೀ. ಒದ್ದೆ ಮೇಲೆ ಒದ್ದೆ ನೋಡಿದ್ರೆ ಏನು ಕಾಣ್ಸುತ್ತೆ? ಮೊದ್ಲು ತೊಳೀರಿ."

ಡೀಸೆಲ್ಲಿನಲ್ಲಿ ಉಜ್ಜಿ, ಸೋಪಿನ ನೀರು ಹೊಯ್ದು, ಬಿಸಿಲಿಗೆ ಬಿಟ್ಟರು. ಎಂಜಿನ್ನು ಒಣಗುವಷ್ಟರಲ್ಲಿ ನವ್ಯಶ್ರೀ ಹುಳುಮನೆಯಿಂದ ಸುಣ್ಣದ ಗಂಟು ತಂದಳು. ರೇಷ್ಮೆಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ತಟ್ಟೆ ಒದ್ದೆಯಾಗಿರಬಾರದೆಂದು ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಮೆಲ್ಲಗೆ ತಟ್ಟುತ್ತಾರೆ. ಎಲ್ಲಿ ಪಸೆಯಿದೆಯೋ ಅಲ್ಲಿ ಪುಡಿ ಕಪ್ಪಿಟ್ಟು ತೋರಿಸಿಕೊಡುತ್ತದೆ. ಅದೇ ಹದದಲ್ಲಿ ಅವಳು ಎಂಜಿನ್ನಿನ ಮೇಲೆ, ಮಗ್ಗುಲಿಗೆ, ಕೆಳಗೆ ತಟ್ಟಿದಳು. ಎಂಜಿನ್ನು ಬೆಳ್ಳಗಾಯಿತು.

ಜಗಲಿಯ ಮೇಲಿಂದ ಅಪ್ಪಯ್ಯಣ್ಣ ಕೇಳಿದ, "ಏನಮ್ಮಾ, ಜೀಪು ಜ್ವರಕ್ಕೆ ಕೂತೈತಾ?"

"ಹೂಂ ಮಾವ. ಎದ್ಮೇಲೆ ಸೊಪ್ಪು ಹಾಕ್ತೀನಿ."

"ಜವರಪ್ಪನೇ ಹಾಕ್ಕೋತಾನೆ ಬಿಡು."

ಸುನಿಲ್ ಜೀಪು ಚಾಲೂ ಮಾಡಿದ. ಇಬ್ಬರೂ ಬಗ್ಗಿ ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೇಲ್ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಇಳಿಯಿತು. ಬೆನ್ನಿಗೇ ಕಡ್ಡಿಯ ಬುಡದಲ್ಲಿ. ಚೇಂಬರಿನ ಅಂಚಿನಲ್ಲೂ.

"ನೋಡ್ದ್ಯಾ? ಮೂರು ಕಡೆ. ಮೂರ್ತಿ ಹೇಳಿದ್ದೇ ನಿಜ, ಇದರ ಕಥೆ ಮುಗೀತು." ಸುನಿಲ್ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ರಾತ್ರಿಪಾಳಿಯ ಕಣ್ಣು ಕೆಂಪಗಿತ್ತು.

ನವ್ಯಶ್ರೀಗೆ ಅದು ಸರಿ ಕಾಣಲಿಲ್ಲ. ಹೊಸ ಪ್ಯಾಕಿಂಗುಗಳು ಒಟ್ಟಿಗೇ ಮಾತಾಡಿಕೊಂಡವರಂತೆ ಕೈಕೊಡುತ್ತವೆಯೇ?

"ರೀ, ಕುಕ್ಕರಿನ ವಿಷಲ್‌ಗೆ ಬೇಳೆ ಕಟ್ಕೊಂಡ್ರೆ ರಬ್ಬರಿನ ಸುತ್ತ ಉಕ್ಕಲ್ವಾ? ಆಗ ರಬ್ಬರ್ ತಪ್ಪಾ?" ಎನ್ನುತ್ತ ಆಯಿಲ್ ಹೊಯ್ಯುವ ಮುಚ್ಚಳವನ್ನು ಬಟ್ಟೆ ಹಿಡಿದು ತಿರುವಿದಳು. ಬುಸ್ಸೆಂದು ಹೊಗೆ ನುಗ್ಗಿ, ಮುಚ್ಚಳ ಅವಳ ಕೈಯಿಂದ ಹಾರಿತು.

ಸುನಿಲ್ ಎದ್ದು ನಿಂತ. "ಅಯ್ಯೋ, ಇದಕ್ಕೆ ಉಸಿರು ಕಟ್ಟೈತೆ! ಉಸಿರು ಬಿಡಕ್ಕೆ ಒಂದು ಪೈಪ್ ಇರ್ತದೆ ಕಣೆ, ಪಕ್ಕದಿಂದ ಕೆಳಕ್ಕೆ ಇಳೀತದೆ. ಆಫ್ ಮಾಡು."

ಮತ್ತೆ ಗೋಣಿಚೀಲದ ಮೇಲೆ ಮಲಗಿ, ಮೊಬೈಲಿನ ಬೆಳಕು ಬಿಟ್ಟುಕೊಂಡು, ಪೈಪನ್ನು ಸವರುತ್ತ ಹೋದ. ಅಡಿಯ ಕಬ್ಬಿಣದ ಚೌಕಟ್ಟಿನ ಮರೆಯಲ್ಲಿ ಅದರ ತುದಿಗೆ ಏನೋ ಮೆತ್ತಗೆ ಸಿಕ್ಕಿತು. ಎಳೆದ. ತೆಂಗಿನ ನಾರಿನ ಬಿರಡೆ, ಅದರ ಸುತ್ತ ಬಟ್ಟೆಯ ಚೂರು, ಬಿಗಿಯಾಗಿ ಸುತ್ತಿದ ದಾರ. ಎಣ್ಣೆಯಲ್ಲಿ ನೆಂದಿದ್ದರೂ ಹಸಿರು ಸೀರೆಯ ಮಾವಿನಕಾಯಿ ಅಂಚು ಕಾಣುತ್ತಿತ್ತು. ಅತ್ತೆಯ ಆ ಸೀರೆಯನ್ನು ನವ್ಯಶ್ರೀ ಎಷ್ಟು ಸಲ ಒಗೆದು ಒಣಹಾಕಿದ್ದಳೋ. ಅದನ್ನು ಹಿಡಿದು ಒಳಗೆ ನಡೆದಳು.

ಅಡುಗೆಮನೆಯಲ್ಲಿ ಮುನಿತಾಯಮ್ಮ ರಾಗಿ ಕೇರುತ್ತಿದ್ದರು. ನವ್ಯಶ್ರೀ ಬಟ್ಟೆ ಮುಂದೆ ಹಿಡಿದಳು.

"ಮೆತ್ತಗೆ ಮಾತಾಡೇ" ಎಂದರು ಅತ್ತೆ, ಇನ್ನೂ ಅವಳು ಬಾಯಿಯನ್ನೇ ತೆರೆಯದಿದ್ದರೂ. "ಹೋದ ಸುಗ್ಗಿಯಿಂದ್ಲೂ ಆ ಕೊಳವೇಲಿ ಆಗೊಂದು ಈಗೊಂದು ತೊಟ್ಟು ಬೀಳ್ತಿತ್ತು. ನಿಮ್ಮಾವ ನೋಡಿದ್ರೆ ಬಿಡ್ತಿದ್ರಾ? ಮಣ್ಣು ಕೆರೆದು ಸಗಣಿ ಬಳಿದೆ. ಈ ಮಳೆಗಾಲದಲ್ಲಿ ಮತ್ತೆ ಬಿತ್ತು. ಸೋರೋ ಕೊಡಕ್ಕೆ ಬಟ್ಟೆ ತುರುಕಲ್ವಾ? ಹಂಗೇ ತುರುಕ್ದೆ."

"ಅತ್ತೆ, ನೀವು ಜೀಪಿನ ಕೆಳಗೆ ನುಗ್ಗಿದ್ರಾ? ಈ ಕತ್ತು ಇಟ್ಕೊಂಡು?"

"ಈ ಕತ್ತು ಹಿಂಗಾಗಿದ್ದು ಯಾತಕ್ಕೆ ಅಂತ ಗೊತ್ತಿಲ್ವಾ? ನಿಂದಾದ್ರೂ ನೆಟ್ಟಗಿರ್ಲಿ ಅಂತ ಕಣಮ್ಮಿ." ಮೊರದ ರಾಗಿಯನ್ನು ಎರಡು ಸಲ ಜೋರಾಗಿ ಕೇರಿದರು. "ಈಗ ನಾನೇ ಕೆಡಿಸಿದಂಗಾಯ್ತಾ?"

ನವ್ಯಶ್ರೀ ಬಟ್ಟೆಯನ್ನು ಒಲೆಗೆ ಹಾಕಿ, ಅತ್ತೆಯ ಕೈಯಿಂದ ಮೊರ ತೆಗೆದುಕೊಂಡು, ಉಳಿದ ರಾಗಿಯನ್ನು ತಾನೇ ಕೇರಿದಳು.

ಮಧ್ಯಾಹ್ನ ಮತ್ತೆ ಒರೆಸಿ, ಸುಣ್ಣ ತಟ್ಟಿ, ಚಾಲೂ ಮಾಡಿದರು. ಮೇಲ್ಮುಚ್ಚಳ ಬೆಳ್ಳಗೇ ಉಳಿಯಿತು. ಕಡ್ಡಿಯ ಬುಡವೂ, ಚೇಂಬರಿನ ಅಂಚೂ ಅಷ್ಟೇ. ಪೈಪಿನ ತುದಿಯಿಂದ ಮಾತ್ರ ತುಂಬಾ ಹೊತ್ತಿಗೆ ಒಂದು ತೊಟ್ಟು ಇಳಿಯಿತು. ಹಳೇ ಎಂಜಿನ್ನಿಗೆ ಅದು ಇದ್ದದ್ದೇ ಎಂದು ಸುನಿಲ್ ತುದಿಗೊಂದು ಬಾಟಲಿಯನ್ನು ಸಡಿಲವಾಗಿ ಕಟ್ಟಿದ. ಅಪ್ಪನನ್ನು ಕರೆದು ತೋರಿಸಿದ. "ನೋಡಪ್ಪ, ನಿಂತೋಯ್ತು. ಇನ್ಮೇಲೆ ನೆಲಕ್ಕೆ ಬೀಳಲ್ಲ."

ಅಪ್ಪಯ್ಯಣ್ಣ ಬಗ್ಗಿ ಬಾಟಲಿ ನೋಡಿದ. "ಆಸ್ಪತ್ರೇಲಿ ಮಲಗಿರೋರಿಗೆ ಕಟ್ಟಂಗೆ ಕಟ್ಟಿದ್ದೀಯ." ಆಮೇಲೆ ಅಂಗಳದ ಆ ಹಳೆಯ ಕರಿ ಕಲೆಯತ್ತ ಕೋಲು ತೋರಿಸಿದ. "ಇನ್ಮೇಲೆ ಬೀಳೋದ್ರ ಮಾತಲ್ಲ ಮಗ. ಬಿದ್ದಿರೋದ್ರ ಮಾತು. ನೀನು ಮಾತು ಕೊಟ್ಟಿದ್ದು ಹಂಗೇ."

ಸುನಿಲ್ ತಲೆ ತಗ್ಗಿಸಿದ. ಅಪ್ಪನೆದುರು ಅವನ ತಲೆ ಚಿಕ್ಕಂದಿನಿಂದ ತಗ್ಗಿಯೇ ಅಭ್ಯಾಸ. ನವ್ಯಶ್ರೀ ಅದನ್ನು ನೋಡಿ ಹುಳುಮನೆಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ, ಹೊರೆ ಹೊರುವಾಗ ತಲೆಗಿಡುವ ಹಳೆಯ ಬಟ್ಟೆಸಿಂಬಿಯನ್ನು ಹುಡುಕಿ ಧೂಳು ಕೊಡವಿದಳು.

ಜವರಪ್ಪ ಹೇಳಿದ ಹೊತ್ತಿಗೇ ಬಂದ. ಬಾನೆಟ್ ಎತ್ತಿ ನಕ್ಕ. "ಏನಣ್ಣೋ, ಹೆಣ್ಣು ತೋರ್ಸೋಕೆ ಮುಂಚೆ ಪೌಡರ್ ಬಳಿದಂಗೆ ಬಳಿದಿದ್ದೀರಿ! ಕೀ ಕೊಡಿ, ಒಂದು ರೌಂಡು ನೋಡಾಣ."

ಕೀ ನವ್ಯಶ್ರೀಯ ಸೊಂಟದಲ್ಲಿತ್ತು. ಹುಳುಗಳು ಕೊನೆಯ ಜ್ವರದಿಂದ ಎದ್ದು ಹಸಿದಿದ್ದವು, ಸಂಜೆಯ ಸೊಪ್ಪು ಇನ್ನೂ ತೋಟದಲ್ಲೇ ಇತ್ತು. ಅವಳು ಸಿಂಬಿಯನ್ನು ತಲೆಗಿಟ್ಟುಕೊಂಡು, ಕೀ ತೆಗೆದು ಗಂಡನ ಮುಂದೆ ಹಿಡಿದಳು. ಬಾಗಿಲಲ್ಲಿ ಮುನಿತಾಯಮ್ಮ ಇಡೀ ಮೈ ತಿರುಗಿಸಿ ಮಗನನ್ನು ನೋಡಿದರು.

ಸುನಿಲ್ ಕೀ ಮುಟ್ಟಲಿಲ್ಲ.

"ಮಾರಲ್ಲ" ಎಂದ.

"ಏನಂದೆ?" ಎಂದ ಅಪ್ಪಯ್ಯಣ್ಣ.

"ಮಾರಲ್ಲ ಅಪ್ಪ. ಮಾತು ಕೊಡೋವಾಗ ಸೊಪ್ಪು ಹೊರೋರು ಯಾರು ಅಂತ ನಾನು ಯೋಚ್ನೆ ಮಾಡಿರ್ಲಿಲ್ಲ. ನೀನು ಬೈದ್ರೂ ಸರಿ."

ಅಪ್ಪಯ್ಯಣ್ಣ ಬೈಯಲಿಲ್ಲ. "ಇಷ್ಟು ದೂರದಿಂದ ಬಂದವ್ನೆ, ಅವನಿಗೆ ಕಾಫಿ ಕೊಡ್ರಮ್ಮ" ಎಂದು ಒಳಗೆ ಹೋದ. ಆ ರಾತ್ರಿ ಮಗನೊಡನೆ ಮಾತಾಡಲಿಲ್ಲ, ಮರುದಿನವೂ ಆಡಲಿಲ್ಲ.

ಆ ಸಂಜೆಯೇ ನವ್ಯಶ್ರೀ ಸಿಂಬಿಯನ್ನು ಜಗಲಿಯ ಮೇಲಿಟ್ಟು ಜೀಪು ಹತ್ತಿ ತೋಟಕ್ಕೆ ಹೊರಟಳು.

ಸುನಿಲ್‌ಕುಮಾರ್ ಅಪ್ಪನಿಗೆ ಕೊಟ್ಟ ಮಾತನ್ನು ನಡೆಸಲಿಲ್ಲ.