ವಿಳಂಬಕ್ಕೆ ಕಾರಣ

ಲಿಫ್ಟಿನ ಕಬ್ಬಿಣದ ಬಾಗಿಲು ಕಿರ್ರೆಂದಿತು. ಶಾಖಾಧಿಕಾರಿಯ ಪೆನ್ನು ಮತ್ತೆ ನಿಂತಿತು. ಕೆಳಗೆ ಯಾರೋ ಹತ್ತಿದರು ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಏನೋ ಬೀಳುವ ಸದ್ದಿಗೆ ಅವಳ ಕಿವಿ ಕಾಯುತ್ತಲೇ ಇತ್ತು.

ಎದುರಿಗಿದ್ದದ್ದು ಲಿಫ್ಟುಗಳ ಸುರಕ್ಷತೆಯ ನಿಯಮ. ಲಿಫ್ಟು ಬಂದು ನಿಲ್ಲದ ಹೊರತು ಮಹಡಿಯ ಬಾಗಿಲು ತೆರೆಯಬಾರದು, ಅಂಥ ಬೀಗ ಹಾಕಿಸಬೇಕು, ಇಷ್ಟೇ. ಮಂತ್ರಿಗಳ ಸಹಿ ಬಿದ್ದು ವರ್ಷ ಕಳೆದಿತ್ತು. ರಾಜಪತ್ರದಲ್ಲಿ ಅಚ್ಚಾಗಿ ಶಾಸಕರ ಮುಂದೆ ಹೋಗುವುದೊಂದೇ ಬಾಕಿ. ಒಂದೊಂದನ್ನೇ ಕಳಿಸಿದರೆ ಸಾಹೇಬರು ಸಿಡುಕುತ್ತಾರೆಂದು, ಇನ್ನೆರಡು ನಿಯಮಗಳು ಬಂದ ಮೇಲೆ ಕಳಿಸೋಣವೆಂದು ಅವಳೇ ಕಟ್ಟಿಟ್ಟಿದ್ದಳು. ಆ ಎರಡು ಬರಲೇ ಇಲ್ಲ.

ಈ ಕಟ್ಟಡದ ಲಿಫ್ಟು ನಡೆಸುತ್ತಿದ್ದವನನ್ನು ಎಲ್ಲರೂ ಮಾವ ಎನ್ನುತ್ತಿದ್ದರು. ಬಾಗಿಲು ಸರಿಸಿ, ತೋಳು ಅಡ್ಡ ಹಿಡಿದು, ನೆಲ ನೋಡಿ, ಆಮೇಲೆ ಜನರನ್ನು ಬಿಡುವುದು ಅವನ ಅಭ್ಯಾಸ. ದಿನಾ ಬೆಳಿಗ್ಗೆ ಅವಳನ್ನು ಕೇಳುತ್ತಿದ್ದ.

"ಏನಮ್ಮಾ, ನಮ್ಮ ಬೀಗದ ಕಾಗದ ಹೊರಡ್ತಾ?"

"ಮುಂದಿನ ವಾರ, ಮಾವ."

ಒಂದು ಮಧ್ಯಾಹ್ನ ಅವನು ಐದನೇ ಮಹಡಿಯಲ್ಲಿ ಇಳಿದು ನೀರು ಕುಡಿದು ಬರುವಷ್ಟರಲ್ಲಿ ಯಾರೋ ಕೆಳಗಿನಿಂದ ಲಿಫ್ಟು ಕರೆದಿದ್ದರು. ಲಿಫ್ಟು ಇಲ್ಲದಿದ್ದರೂ ಬಾಗಿಲು ಎಂದಿನಂತೆ ತೆರೆಯಿತು. ಅವನಿಗೆ ತೋಳು ಅಡ್ಡ ಹಿಡಿಯುವವರು ಯಾರೂ ಇರಲಿಲ್ಲ. ಅನುಕಂಪದ ಮೇಲೆ ಅವನ ಕೆಲಸ ಮಗಳಿಗೆ ಸಿಕ್ಕಿತು. ಆ ಆದೇಶ ಮಾತ್ರ ಎಲ್ಲೂ ತಡವಾಗಲಿಲ್ಲ. ಅಂದಿನಿಂದ ಶಾಖಾಧಿಕಾರಿ ಮೆಟ್ಟಿಲು ಹಿಡಿದಳು.

ಈಗ ಶಾಸಕರ ಸಮಿತಿ ಕೇಳಿತ್ತು: ನಿಯಮ ತಡವಾದದ್ದೇಕೆ?

"'ಆಡಳಿತಾತ್ಮಕ ಕಾರಣ' ಅಂತ ಬರೀರಿ," ಎಂದರು ಸಾಹೇಬರು. "ಸುಮ್ನೆ ಮೈಮೇಲೆ ಎಳ್ಕೋಬೇಡಿ. ನಿಮ್ಮ ಬಡ್ತಿ ಬೇರೆ ನನ್ನ ಮೇಜಿನ ಮೇಲಿದೆ."

ಅವಳು ಹಾಗೇ ಬರೆದಳು. ಸಮಿತಿಗೆ ಒಯ್ಯಬೇಕಾದ ಪ್ರತಿಗಳ ಕಟ್ಟು ಮೆಟ್ಟಿಲಿಳಿಸಲಾರದಷ್ಟು ಭಾರವಿತ್ತು. ಬೇರೆ ದಾರಿಯಿಲ್ಲದೆ ಲಿಫ್ಟು ಹತ್ತಿದಳು.

ಲಿಫ್ಟು ನಡೆಸುತ್ತಿದ್ದ ಹುಡುಗಿ, ಮಾವನ ಮಗಳು, ಕಟ್ಟಿನ ಮೇಲಿದ್ದ ನಿಯಮದ ಹೆಸರು ಓದಿದಳು. "ಬೀಗ ಬರುತ್ತೆ, ಮೂರನೇ ಮಹಡಿ ಮೇಡಂ ಹತ್ರ ಇದೆ ಅಂತ ಅಪ್ಪ ಹೇಳ್ತಾನೇ ಇರೋರು. ಇದೇನಾ ಮೇಡಂ?"

"ಹೂಂ. ಇದೇ."

"ಯಾಕೆ ಇಷ್ಟು ತಡ ಆಯ್ತು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎರಡು ಮಹಡಿಗಳ ನಡುವಿನ ಕತ್ತಲು ಜಾಲರಿಯಾಚೆ ನಿಧಾನವಾಗಿ ಸರಿಯಿತು. ಅಲ್ಲಿಂದಲೇ ಯಾರೋ "ಏನಮ್ಮಾ" ಎಂದಂತಾಗಿ ಅವಳು ಕಟ್ಟನ್ನು ಅವುಚಿಕೊಂಡಳು.

"ಮತ್ತೆ ಮೇಲೆ ತಗೊಂಡು ಹೋಗಮ್ಮ."

"ಏನಾದ್ರೂ ಮರೆತ್ರಾ?"

"ಕಾರಣ ಸುಳ್ಳು ಬರೆದಿದೀನಿ. ಇದನ್ನ ಇಟ್ಕೊಂಡು ಕೂತಿದ್ದು ನಾನೇ."

ಹುಡುಗಿ ಗುಂಡಿ ಒತ್ತಿದಳು. ಮೂರನೇ ಮಹಡಿಯಲ್ಲಿ ಬಾಗಿಲು ಸರಿಸಿ, ಶಾಖಾಧಿಕಾರಿಯ ಎದೆಗೆ ಅಡ್ಡವಾಗಿ ತೋಳು ಚಾಚಿ, ಬಗ್ಗಿ ನೋಡಿದಳು.

"ನೆಲ ಇದೆ, ಮೇಡಂ. ಹೋಗಿ."